ಮೀನಿನ ಅಳತೆ

ಮೀನಿನ ವಿಷಯವಾಗಿ ಬರೆಯಲು ನಮಗೆ ಯಾವ ಅಧಿಕಾರವೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ನಮ್ಮ ಮನೆಯ ಅಡಿಗೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಚಿಕ್ಕಂದಿನಲ್ಲಿ ಊರ ಕಲ್ಯಾಣಿಯ ಮೀನುಗಳಿಗೆ ಪುರಿ ಎರಚಿದ್ದೇ ಆ ಕುಲದೊಡನೆ ನಮಗಿದ್ದ ಒಟ್ಟು ಬಳಕೆ. ಹೀಗಿರಲು, ಹದಿನಾರು ಕೋಟಿ ವರ್ಷಗಳಿಗೂ ಹಿಂದೆ ಸತ್ತ ಒಂದು ಮೀನು ಕಳೆದ ಬೇಸಗೆಯಿಂದ ನಮ್ಮ ಮನಸ್ಸನ್ನು ಹೊಕ್ಕು ಕುಳಿತಿದೆಯೆಂದರೆ ವಾಚಕರು ನಗಬಹುದು. ನಕ್ಕು ಮುಂದಕ್ಕೆ ಓದಬೇಕೆಂದು ಬೇಡುತ್ತೇವೆ.

ಮಗಳ ಎರಡನೆಯ ಬಾಣಂತನಕ್ಕಾಗಿ ನಾವೂ ನಮ್ಮ ಮನೆಯವರೂ ಇಂಗ್ಲೆಂಡಿಗೆ ಹೋಗಿದ್ದೆವು. ಅಳಿಯನ ಉದ್ಯೋಗವಿರುವುದು ಪೀಟರ್‌ಬರೋ ಎಂಬ ಪಟ್ಟಣದಲ್ಲಿ. ಬಾಣಂತನವೆಂಬುದು ಹೆಂಗಸರ ರಾಜ್ಯ. ಅಲ್ಲಿ ಗಂಡಸಿಗೆ, ಅದರಲ್ಲಿಯೂ ವಯಸ್ಸಾದ ಗಂಡಸಿಗೆ, ಕಾಲಿಗೆ ಅಡ್ಡ ಬರದಂತೆ ಇರುವುದೊಂದೇ ಕೆಲಸ. ಆದುದರಿಂದ ಏಳು ವರ್ಷದ ಹಿರಿಯ ಮೊಮ್ಮಗನನ್ನು ಹೊರಗೆ ಸುತ್ತಾಡಿಸಿಕೊಂಡು ಬರುವ ಹೊಣೆ ನಮ್ಮ ಪಾಲಿಗೆ ಬಂದಿತು. ಆ ದೇಶದ ಬೇಸಗೆಯ ಮಳೆ ಹೇಳಿ ಕೇಳಿ ಬರುವಂಥದಲ್ಲ. ಒಂದು ದಿನ ಪ್ರೀಸ್ಟ್‌ಗೇಟ್ ಎಂಬ ಬೀದಿಯಲ್ಲಿ ಹೋಗುತ್ತಿರುವಾಗ ಹಾಗೆ ಸುರಿದ ಮಳೆಯಿಂದ ತಪ್ಪಿಸಿಕೊಳ್ಳಲೆಂದು ಎದುರಿಗಿದ್ದ ಕಟ್ಟಡವನ್ನು ಹೊಕ್ಕೆವು. ಅದು ಆ ಊರಿನ ವಸ್ತುಸಂಗ್ರಹಾಲಯ. ಹಿಂದೊಮ್ಮೆ ಆಸ್ಪತ್ರೆಯಾಗಿದ್ದ ಮನೆಯಂತೆ. ಮೊಮ್ಮಗನಿಗೆ ಅದು ಶಾಲೆಯ ಮಕ್ಕಳೊಡನೆ ಬಂದು ಪರಿಚಯವಾಗಿದ್ದ ಸ್ಥಳ. ನಮ್ಮ ಕೈ ಹಿಡಿದು ನೇರವಾಗಿ ಕಡಲ ಪ್ರಾಣಿಗಳ ಕೋಣೆಗೆ ಎಳೆದುಕೊಂಡು ಹೋದನು.

ಉದ್ದ ಕತ್ತಿನ ಕಡಲುರಗಗಳು, ಮೊಸಳೆಗಳು ಮೊದಲಾದುವುಗಳ ಎಲುಬುಗಳು ಅಲ್ಲಿ ಇದ್ದುವು. ನೋಡಿದೊಡನೆ ಇದು ತಲೆ, ಇದು ಬಾಲ ಎನ್ನುವಷ್ಟು ಅಚ್ಚುಕಟ್ಟು. ಅವುಗಳ ನಡುವೆ ಕಂದುಬಣ್ಣದ ಒಂದಷ್ಟು ಚಪ್ಪಟೆ ತುಂಡುಗಳಿದ್ದುವು. ಒಡೆದ ಹೆಂಚಿನ ರಾಶಿಯೆಂದರೂ ನಂಬಬಹುದಾಗಿತ್ತು. ಜಗತ್ತಿನಲ್ಲಿ ಇದುವರೆಗೆ ಬದುಕಿದ್ದ ಎಲುಬುಮೀನುಗಳಲ್ಲೆಲ್ಲ ಅತಿ ದೊಡ್ಡದರ ಅವಶೇಷ ಅದೆಂದು ತಿಳಿದು ನಾವು ಕನ್ನಡಕವನ್ನು ಒರಸಿ ಮತ್ತೆ ನೋಡಿದೆವು. ಆಗಲೂ ಹೆಂಚಿನ ಚೂರೇ.

“ತಾತ, ಇದರ ಬೆನ್ನುಮೂಳೆ ಎಲ್ಲಿ?” ಎಂದು ಮೊಮ್ಮಗನು ಕೇಳಿದನು.

ನಾವು ಸುತ್ತ ಹುಡುಕಿದೆವು. ಬೆನ್ನುಮೂಳೆ ಇರಲಿಲ್ಲ. ಯಾರೋ ಎತ್ತಿಟ್ಟಿರಬೇಕೆಂದು ಬಾಯಿಗೆ ಬಂದ ಉತ್ತರವನ್ನು ಕೊಟ್ಟೆವು. ಆ ಉತ್ತರ ತಪ್ಪೆಂದು ಮನೆಗೆ ಬಂದು ಪುಸ್ತಕಗಳನ್ನು ತಿರುವಿಹಾಕಿದ ಮೇಲೆ ತಿಳಿಯಿತು. ಆ ಮೀನಿಗೆ ಬೆನ್ನುಹುರಿಯ ಸುತ್ತ ಗಟ್ಟಿಯಾದ ಎಲುಬೇ ಕಟ್ಟುತ್ತಿರಲಿಲ್ಲ. ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೆತ್ತಗಿನ ಎಲುಬು ಅಲ್ಲಿದ್ದು, ಸತ್ತ ಮೇಲೆ ಕೊಳೆತು ಹೋಯಿತು. ಅಷ್ಟು ದೊಡ್ಡ ಶರೀರವನ್ನು ಹೊತ್ತ ಭಾಗವೇ ಉಳಿಯದೆ, ತಲೆಯ ಚಿಪ್ಪುಗಳೂ ಕಿವಿರಿನ ಕಡ್ಡಿಗಳೂ ಈಜುರೆಕ್ಕೆಗಳೂ ಉಳಿದುವು. ಅಳೆಯುವವರು ಏನನ್ನು ಹಿಡಿದು ಅಳೆಯಬೇಕು?

ಈ ಮೀನಿನ ಹೆಸರು ಲೀಡ್ಸಿಕ್ತಿಸ್ ಪ್ರಾಬ್ಲಮ್ಯಾಟಿಕಸ್. ಉಚ್ಚರಿಸಲು ನಾಲಗೆ ತೊಡರುವುದು ನಿಜ. ಆದರೆ ಅರ್ಥ ಸುಲಭ: ಲೀಡ್ಸನ ಮೀನು, ಅದೂ ತೊಡಕಿನ ಮೀನು. ಆಲ್‌ಫ್ರೆಡ್ ನಿಕಲ್ಸನ್ ಲೀಡ್ಸ್ ಎಂಬಾತನು ಪೀಟರ್‌ಬರೋವಿನ ಬಳಿ ಐಬರಿ ಎಂಬಲ್ಲಿದ್ದ ಬೇಸಾಯಗಾರ. ೧೮೪೭ರಲ್ಲಿ ಹುಟ್ಟಿ ೧೯೧೭ರಲ್ಲಿ ತೀರಿಕೊಂಡನು. ಆ ಸೀಮೆಯ ನೆಲದಡಿಯಲ್ಲಿ ನೀಲಿ ಬೂದುಬಣ್ಣದ ಜೇಡಿ ಮೈಲಿಗಟ್ಟಲೆ ಹಾಸಿಕೊಂಡಿದೆ. ಅದು ಒಂದಾನೊಂದು ಕಾಲದ ಕಡಲತಳದ ಕೆಸರು. ಲೀಡ್ಸನ ಕಾಲದಲ್ಲಿ ಅದನ್ನು ಅಗೆದು ಇಟ್ಟಿಗೆ ಸುಡುವ ಉದ್ಯಮ ಭರದಿಂದ ಬೆಳೆಯಿತು. ಗುಂಡಿಯ ಆಳುಗಳ ಗುದ್ದಲಿಗೆ ಎಲುಬು ತಗಲಿದರೆ ಅವರು ಈತನಿಗೆ ಹೇಳಿಕಳುಹಿಸುವರು. ಈತನು ಹೋಗಿ, ಅವರ ಕೈಗೆ ಒಂದಿಷ್ಟು ಕೊಟ್ಟು, ಮಣ್ಣಿನಲ್ಲಿ ಪುಡಿಯಾಗಿದ್ದುದನ್ನು ಆರಿಸಿ ತಂದು ಮನೆಯಲ್ಲಿ ಒಂದೊಂದಾಗಿ ಅಂಟಿಸುವನು. ಹೊಲದ ಕೆಲಸ ಮುಗಿದ ಮೇಲಿನ ಕೆಲಸ ಇದು, ಸಂಬಳವಿಲ್ಲ, ಪದವಿಯಿಲ್ಲ. ಇಂಥ ಸಂಗ್ರಾಹಕನ ಮನೆಯಲ್ಲಿ ಊಟದ ಮೇಜಿಗೂ ಎಲುಬಿಗೂ ಸ್ಥಳದ ವ್ಯಾಜ್ಯ ಹೇಗೆ ಬಗೆಹರಿಯುತ್ತಿತ್ತೋ ಎಂದು ನಮ್ಮ ಮನೆಯವರು ಕೇಳಿದರು. ನಮ್ಮ ಪುಸ್ತಕಗಳನ್ನು ನೋಡಿ ಕೇಳಿದ ಪ್ರಶ್ನೆಯಾದುದರಿಂದ ನಾವು ಮಾತು ಬೆಳೆಸಲಿಲ್ಲ.

ನಾವು ಕಲ್ಲಿನ ಸೀಮೆಯಿಂದ ಹೋದವರು. ಬೆಂಗಳೂರಿನ ಲಾಲ್‌ಬಾಗಿನಲ್ಲಿರುವ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸೆನ್ನುತ್ತಾರೆ. ಆ ಕಲ್ಲು ಹುಟ್ಟಿದಾಗ ಲೋಕದಲ್ಲಿ ಮೀನೆಂಬುದೇ ಇರಲಿಲ್ಲವಾದುದರಿಂದ ಅದರಲ್ಲಿ ಮೀನನ್ನು ಹುಡುಕುವುದು ವ್ಯರ್ಥ. ನೆಲವನ್ನು ಅಗೆದರೆ ಕಡಲಿನ ಪ್ರಾಣಿ ಬರುವುದೆಂಬ ಮಾತು ಈ ವಯಸ್ಸಿನಲ್ಲಿಯೂ ನಮಗೆ ಅಜ್ಜಿಯ ಕಥೆಯಂತೆ ಕೇಳಿಸಿತು.

ಲೀಡ್ಸನು ಕೂಡಿಸಿದ ಈ ಚಪ್ಪಟೆ ಎಲುಬುಗಳನ್ನು ಕಂಡ ಪಂಡಿತರು ಮೊದಲು ಮೀನೆಂದೇ ತಿಳಿಯಲಿಲ್ಲ. ಜಾನ್ ವಿಟೇಕರ್ ಹಲ್ಕ್ ಎಂಬ ವಿದ್ವಾಂಸರು ಇವು ಒಂದು ಬಗೆಯ ಡೈನೋಸಾರಿನ ಬೆನ್ನಿನ ಮೇಲಿನ ಕವಚದ ಹಲಗೆಗಳೆಂದು ಬಗೆದರು. ಹೀಗೆ ಪಾಪ, ಮೀನಿನ ತಲೆ ಕೆಲವು ಕಾಲ ಬೇರೊಂದು ಪ್ರಾಣಿಯ ಬೆನ್ನಿನ ಮೇಲೆ ಕುಳಿತಿತ್ತು. ೧೮೮೮ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಆತ್ನಿಯೆಲ್ ಮಾರ್ಷ್ ಎಂಬ ಪ್ರಸಿದ್ಧ ಪಂಡಿತರು ಐಬರಿಗೆ ಬಂದರು. ಡೈನೋಸಾರುಗಳ ವಿಷಯದಲ್ಲಿ ಅವರ ಮಾತಿಗೆ ಆಗ ತುಂಬ ಬೆಲೆ. ಅವರು ಇದನ್ನು ನೋಡಿ, ಇದು ತಮ್ಮ ಪ್ರಾಣಿಯಲ್ಲ, ಒಂದು ಮಹಾಮತ್ಸ್ಯದ ತಲೆಯೆಲುಬು ಎಂದುಬಿಟ್ಟರು. ಮರುವರ್ಷವೇ, ೧೮೮೯ರಲ್ಲಿ, ಆರ್ಥರ್ ಸ್ಮಿತ್ ವುಡ್‌ವರ್ಡ್ ಎಂಬ ಮತ್ಸ್ಯಶಾಸ್ತ್ರಜ್ಞರು ಅದಕ್ಕೆ ನಾಮಕರಣ ಮಾಡಿದರು. ತೊಡಕಿನದೆಂಬ ವಿಶೇಷಣವನ್ನು ಸೇರಿಸಿದವರು ಅವರೇ. ಇಷ್ಟು ಪ್ರಾಮಾಣಿಕವಾದ ನಾಮಕರಣವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಈ ಮೀನು ಸೇರಿದ ಮನೆತನಕ್ಕೆ ಪ್ಯಾಕಿಕಾರ್ಮಿಡೀ ಎಂದು ಹೆಸರು. ದಪ್ಪ ಬೊಡ್ಡೆಯವು ಎಂದು ಅದರ ಗ್ರೀಕ್ ಮೂಲ. ಈಜುರೆಕ್ಕೆಯಲ್ಲಿ ಬೀಸಣಿಗೆಯ ಕಡ್ಡಿಗಳಂತೆ ಸಣ್ಣ ಎಲುಬುಗಳು ಹರಡಿರುವ ಮೀನುಗಳ ದೊಡ್ಡ ವರ್ಗಕ್ಕೆ ಇದು ಸೇರಿದೆ. ನಮ್ಮ ಕೆರೆಯ ಮೀನುಗಳೂ ಆ ವರ್ಗದವೇ. ಈ ಮನೆತನದಲ್ಲಿ ಎಲ್ಲ ಬಗೆಯವರೂ ಇದ್ದರು. ಜರ್ಮನಿಯ ಹೋಲ್ಟ್ಸ್‌ಮಾಡೆನ್ ಎಂಬಲ್ಲಿಯ ಕಲ್ಲಿನಲ್ಲಿ ಸಿಕ್ಕುವ ಹಳಬರಿಗೆ ಸುಮಾರು ಹದಿನೆಂಟು ಕೋಟಿ ವರ್ಷ ವಯಸ್ಸು. ಅವರಲ್ಲಿ ಚೂಪು ಹಲ್ಲಿನ ಬೇಟೆಗಾರರು ಇದ್ದರು. ಕೊನೆಯ ಕಾಲದ ಪ್ರೋಟೋಸ್ಫೈರೀನ ಎಂಬುದಕ್ಕೆ ಮೂತಿಯ ಮುಂದೆ ಕತ್ತಿಯಂಥ ಕೊಂಬು. ಇಂಥ ಕಟುಕರ ಮನೆಯಲ್ಲಿಯೇ ಹಲ್ಲಿಲ್ಲದ, ಯಾರನ್ನೂ ಕಚ್ಚದ, ಆದರೆ ಎಲ್ಲರಿಗಿಂತ ದೊಡ್ಡದಾದ ಲೀಡ್ಸಿಕ್ತಿಸ್ ಹುಟ್ಟಿತು. ಬಾಯಿ ತೆರೆದುಕೊಂಡು ಮೆಲ್ಲಗೆ ಈಜುತ್ತ ಹೋಗುವುದು. ಕಿವಿರಿನ ಒಳಬದಿಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿದ್ದ ಸಾವಿರಾರು ಕಡ್ಡಿಗಳಲ್ಲಿ ನೀರು ಸೋಸಿಹೋಗುವುದು. ತೇಲುವ ಸೂಕ್ಷ್ಮಜೀವಿಗಳು ಒಳಗೆ ಉಳಿಯುವುವು. ಇದೇ ಅದರ ಊಟ. ನಮ್ಮ ಪೂರ್ವಿಕರು ತಿಮಿಯೆಂಬ ಮೀನನ್ನೂ, ಅದನ್ನು ನುಂಗುವ ತಿಮಿಂಗಿಲವನ್ನೂ, ಅದನ್ನೂ ನುಂಗುವ ತಿಮಿಂಗಿಲಗಿಲವನ್ನೂ ಕಲ್ಪಿಸಿದರು. ದೊಡ್ಡದಾಗಬೇಕಾದರೆ ದೊಡ್ಡದನ್ನು ನುಂಗಬೇಕೆಂದು ಅವರ ತರ್ಕ. ಸೃಷ್ಟಿಯಲ್ಲಿ ನಡೆದದ್ದು ತಿರುಗುಮುರುಗು. ಇಂದಿನ ನೀಲಿ ತಿಮಿಂಗಿಲವೂ ಅತಿ ಸಣ್ಣದನ್ನೇ ತಿಂದು ಬೆಳೆಯುತ್ತದೆ.

ಈ ಮೀನು ಎಷ್ಟು ದೊಡ್ಡದು? ಮನ್ವಂತರದ ಕಥೆಯಲ್ಲಿ ಮನುವಿನ ಬೊಗಸೆಗೆ ಸಿಕ್ಕ ಮೀನು ಗಡಿಗೆಗೆ, ಗಡಿಗೆಯಿಂದ ಕೆರೆಗೆ, ಕೆರೆಯಿಂದ ಕಡಲಿಗೆ ಬೆಳೆಯಿತು. ಪಂಡಿತರ ಕೈಯಲ್ಲಿ ಲೀಡ್ಸಿಕ್ತಿಸ್ ಕೂಡ ಹಾಗೆಯೇ ಬೆಳೆಯಿತು. ಆಮೇಲೆ ಕುಗ್ಗಿತು ಎಂಬುದೊಂದೇ ವ್ಯತ್ಯಾಸ. ೧೮೯೮ರಲ್ಲಿ ಲೀಡ್ಸನಿಗೆ ಅದರ ಬಾಲದ ರೆಕ್ಕೆ ಸಿಕ್ಕಿತು. ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಂಬತ್ತು ಅಡಿ! ಮರುವರ್ಷ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಅದನ್ನು ೨೫ ಪೌಂಡಿಗೆ ಕೊಂಡುಕೊಂಡಿತು. ವುಡ್‌ವರ್ಡರು ಆ ಬಾಲವನ್ನು ಅದೇ ಮನೆತನದ ಬೇರೊಂದು ಮೀನಿನ ಬಾಲದೊಡನೆ ಹೋಲಿಸಿ, ಪೂರ್ತಿ ಶರೀರ ಒಂಬತ್ತು ಮೀಟರು, ಎಂದರೆ ಮೂವತ್ತು ಅಡಿ ಇರಬೇಕೆಂದರು. ಬಹುಕಾಲ ಅಷ್ಟೇ ಇತ್ತು. ೧೯೮೬ರಲ್ಲಿ ಡೇವಿಡ್ ಮಾರ್ಟಿಲ್ ಎಂಬವರು ಮತ್ತೊಂದು ಲೆಕ್ಕ ಹಾಕಿದಾಗ ಅದು ೨೭.೬ ಮೀಟರಿನವರೆಗೂ ಹೋಯಿತು. ತೊಂಬತ್ತು ಅಡಿ! ನೀಲಿ ತಿಮಿಂಗಿಲಕ್ಕೆ ಸರಿಸಾಟಿ. ಜನರಿಗೆ ಇದು ಬಹಳ ಹಿಡಿಸಿತು. ಮಕ್ಕಳ ಪುಸ್ತಕಗಳಲ್ಲಿ ಲೀಡ್ಸಿಕ್ತಿಸ್ ಮಹಾಕಾಯವಾಗಿ ಈಜಿತು.

ಅಷ್ಟರಲ್ಲಿ, ೨೦೦೧ರಲ್ಲಿ, ವಿಟ್ಲ್‌ಸೀ ಊರಿನ ಬಳಿಯ ಸ್ಟಾರ್ ಪಿಟ್ ಎಂಬ ಇಟ್ಟಿಗೆ ಗುಂಡಿಯಲ್ಲಿ ವಿದ್ಯಾರ್ಥಿಗಳಿಗೆ ಇನ್ನೊಂದು ಲೀಡ್ಸಿಕ್ತಿಸ್ ಕಾಣಿಸಿತು. ೨೦೦೨ ಮತ್ತು ೨೦೦೩ರಲ್ಲಿ ಜೆಫ್ ಲಿಸ್ಟನ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ಅದನ್ನು ಅಗೆದರು. ಅಗೆದಷ್ಟೂ ಎಲುಬು ಗುಂಡಿಯ ಗೋಡೆಯೊಳಕ್ಕೆ ಹೋಗುತ್ತಲೇ ಇತ್ತು. ಆ ದೇಶದಲ್ಲಿ ಹಿಂದೆ ಆರಿಸ್ಟನ್ ಎಂಬ ಬಟ್ಟೆ ಒಗೆಯುವ ಯಂತ್ರದ ಜಾಹೀರಾತು ಇತ್ತಂತೆ. ಯಂತ್ರವು ನಿಲ್ಲದೆ ನಡೆಯುತ್ತಲೇ ಇರುವುದೆಂದು ಅದರ ಹೊಗಳಿಕೆ. ಅದನ್ನು ನೆನೆದು ಈ ಮೀನಿಗೂ ಆರಿಸ್ಟನ್ ಎಂದೇ ಅಡ್ಡಹೆಸರಿಟ್ಟರು. ನಮ್ಮ ಮನೆಯವರಿಗೆ ಈ ಇಡೀ ಚರಿತ್ರೆಯಲ್ಲಿ ಹಿಡಿಸಿದ ಸಂಗತಿ ಇದೊಂದೇ.

ಲಿಸ್ಟನ್ ಮತ್ತು ಅವರ ಜೊತೆಯವರು ಊಹೆಯನ್ನು ನೆಚ್ಚಲಿಲ್ಲ. ಮರದ ಬೊಡ್ಡೆಯನ್ನು ಕೊಯ್ದರೆ ವರ್ಷಕ್ಕೊಂದು ಉಂಗುರ ಕಾಣುವಂತೆ ಈ ಎಲುಬುಗಳಲ್ಲಿಯೂ ಬೆಳವಣಿಗೆಯ ಗೆರೆಗಳು ಇದ್ದುವು. ಅವುಗಳನ್ನು ಎಣಿಸಿ ವಯಸ್ಸನ್ನೂ, ಉಳಿದ ಭಾಗಗಳಿಂದ ಗಾತ್ರವನ್ನೂ ಲೆಕ್ಕ ಹಾಕಿದರು. ೨೦೧೩ರಲ್ಲಿ ಅವರು ಹೇಳಿದ ಉತ್ತರವೆಂದರೆ, ಇಪ್ಪತ್ತು ವರ್ಷದ ಮೀನು ಎಂಟು ಒಂಬತ್ತು ಮೀಟರು. ಮೂವತ್ತೆಂಟು ವರ್ಷದ್ದು ಹದಿನಾರೂವರೆ ಮೀಟರು. ತೊಂಬತ್ತು ಅಡಿಯ ಮೀನು ಐವತ್ತನಾಲ್ಕು ಅಡಿಗೆ ಇಳಿಯಿತು.

ಈ ಅಂಕಿಯನ್ನು ಓದಿದ ರಾತ್ರಿ ನಮಗೆ ನಿದ್ರೆ ಸರಿಯಾಗಿ ಬರಲಿಲ್ಲ. ಕಾರಣವನ್ನು ಹೇಳಬೇಕಾದರೆ ನಮ್ಮ ತಂದೆಯವರ ವಿಷಯವನ್ನು ಹೇಳಬೇಕು.

ಅವರು ಹಳ್ಳಿಯೊಂದರಲ್ಲಿ ಉಪಾಧ್ಯಾಯರಾಗಿದ್ದರು. ನಮಗೆ ಐದು ತುಂಬುವುದಕ್ಕೆ ಮುಂಚೆಯೇ ವಿಷಮಶೀತ ಜ್ವರದಿಂದ ತೀರಿಕೊಂಡರು. ಒಂದು ಭಾವಚಿತ್ರವೂ ಇಲ್ಲ. ಉಳಿದದ್ದು ಒಂದು ಕನ್ನಡಕದ ಡಬ್ಬಿ, ಲೆಕ್ಕದ ಪುಸ್ತಕದಲ್ಲಿ ಅಲ್ಲಲ್ಲಿ ಒಂದು ರುಜು, ಮತ್ತು ಜನರ ಮಾತು. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಅವನು ಒಳಕ್ಕೆ ಬರುತ್ತಿದ್ದದ್ದು ಎಂದು ದೊಡ್ಡಮ್ಮ ಹೇಳುತ್ತಿದ್ದರು. ಮೇಷ್ಟ್ರು ಪಾಠ ಹೇಳಿದರೆ ಕೆರೆಯ ಏರಿಯ ಮೇಲೆ ಕೇಳಿಸುತ್ತಿತ್ತು ಎಂದು ಅವರ ಶಿಷ್ಯರೊಬ್ಬರು ಹೇಳಿದರು. ಈ ತುಂಡುಗಳನ್ನು ಅಂಟಿಸಿ ನಾವು ಒಬ್ಬ ಆಜಾನುಬಾಹುವನ್ನು ಕಟ್ಟಿಕೊಂಡೆವು. ಶಾಲೆಯಲ್ಲಿ ಯಾರಾದರೂ ನಮ್ಮನ್ನು ಹೊಡೆದ ದಿನ ಆ ಆರೂಕಾಲು ಅಡಿಯ ಮನುಷ್ಯನು ನಮ್ಮ ಹಿಂದೆ ನಡೆದು ಬರುತ್ತಿದ್ದನು. ತಾಯಿಯವರು ಮಾತ್ರ ಈ ವಿಷಯದಲ್ಲಿ ಏನನ್ನೂ ಹೇಳುತ್ತಿರಲಿಲ್ಲ. ಕೇಳುವ ಧೈರ್ಯ ನಮಗೂ ಬರಲಿಲ್ಲ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಮಗೆ ಉದ್ಯೋಗ ಸಿಕ್ಕಿ ಊರು ಬಿಡುವ ಸಂದರ್ಭ ಬಂದಿತು. ಸಾಮಾನು ಕಟ್ಟುವಾಗ ತಾಯಿಯವರ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ಕಪ್ಪು ಬಣ್ಣದ ಮುಚ್ಚುಗೊರಳಿನ ಕೋಟೊಂದು ಮಡಿಸಿಟ್ಟಂತೆಯೇ ಇತ್ತು. ಯಾರದೆಂದು ಕೇಳುವ ಅಗತ್ಯವಿರಲಿಲ್ಲ. ನಾವು ಅದನ್ನು ತೊಟ್ಟುಕೊಂಡೆವು. ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತು. ಗುಂಡಿ ಹಾಕಲು ಬರಲಿಲ್ಲ. ನಾವೇನೂ ಎತ್ತರದ ಆಳಲ್ಲ, ಐದಡಿ ಏಳಂಗುಲ. ಆ ಕೋಟಿನ ಯಜಮಾನರು ನಮ್ಮ ಕಿವಿಯವರೆಗೆ ಬರುತ್ತಿದ್ದರೋ ಏನೋ.

ತಲೆ ಎತ್ತಿದರೆ ತಾಯಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಹರಿದು ಹೋಗುತ್ತೆ, ಬಿಚ್ಚಿಡಪ್ಪ” ಎಂದಷ್ಟೇ ಹೇಳಿದರು. ಅವರು ನಿಂತಿದ್ದ ಆ ಬಾಗಿಲನ್ನು ನಾವು ಆಗ ಮೊದಲ ಸಲ ಸರಿಯಾಗಿ ಕಂಡೆವು. ಹಳೆಯ ಕಾಲದ ಕುಳ್ಳು ಬಾಗಿಲು. ಆ ಮನೆಯಲ್ಲಿ ತಲೆ ಬಗ್ಗಿಸದೆ ಒಳಗೆ ಬಂದವರು ಯಾರೂ ಇಲ್ಲ. ದೊಡ್ಡಮ್ಮ ಸುಳ್ಳು ಹೇಳಿರಲಿಲ್ಲ.

ಆ ದಿನ ನಮಗೆ ಸಿಟ್ಟೇ ಬಂದಿತು. ಯಾರ ಮೇಲೆ ಎಂದು ಹೇಳಲಾರೆವು. ಕೋಟನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿ ಊರು ಬಿಟ್ಟೆವು. ಆಮೇಲೆ ಎಷ್ಟೋ ವರ್ಷ ತಂದೆಯವರ ನೆನಪನ್ನೇ ಹತ್ತಿರ ಬರಗೊಡಲಿಲ್ಲ. ಅವರು ಸಾಯುವಾಗ ಅವರ ವಯಸ್ಸು ಮೂವತ್ತೊಂದು. ಈಗ ನಮ್ಮ ಮಗಳು ಅದಕ್ಕಿಂತ ಹಿರಿಯಳು. ಈ ಲೆಕ್ಕವನ್ನು ನಾವು ಹಾಕಿದ್ದು ಪೀಟರ್‌ಬರೋವಿನ ಆ ರಾತ್ರಿ, ಎಲುಬಿನ ಗೆರೆಗಳನ್ನು ಎಣಿಸಿದ ಸಂಗತಿಯನ್ನು ಓದಿದ ಮೇಲೆ.

ಬೆಳಿಗ್ಗೆ ಮೊಮ್ಮಗನಿಗೆ ಹದಿನಾರೂವರೆ ಮೀಟರಿನ ಸುದ್ದಿಯನ್ನು ತಿಳಿಸಿದೆವು. ಅವನ ಮುಖ ಇಳಿದುಹೋಯಿತು. ಅವನ ಪುಸ್ತಕದಲ್ಲಿ ಇಪ್ಪತ್ತೇಳು ಎಂದು ಇದೆಯಂತೆ. “ಪುಸ್ತಕದ್ದೇ ಸರಿ” ಎಂದು ವಾದಿಸಿದನು. ಹಾಗಾದರೆ ಎರಡನ್ನೂ ಅಳೆದು ನೋಡೋಣವೆಂದು ಅಳಿಯನ ಅಳತೆಪಟ್ಟಿಯನ್ನು ತೆಗೆದುಕೊಂಡು ಬೀದಿಗಿಳಿದೆವು. ಅದು ಒಂದಕ್ಕೊಂದು ಗೋಡೆ ತಾಗಿದ ಸಣ್ಣ ಮನೆಗಳ ಸಾಲು. ನಮ್ಮ ಬಾಗಿಲಿನಿಂದ ಮೀನಿನ ಮೂತಿ ಮೊದಲಾಯಿತು. ಮೂರು ಮನೆ ದಾಟಿ ನಾಲ್ಕನೆಯದರ ಬೇಲಿಯ ಬಳಿ ಬಾಲ ಮುಗಿಯಿತು. ಅಲ್ಲಿ ನಿಂತು ಹಿಂದಿರುಗಿ ನೋಡಿದ ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಕಾಗದದ ಮೇಲೆ ಸಣ್ಣದಾಗಿ ಕಂಡದ್ದು ಬೀದಿಯಲ್ಲಿ ಸಣ್ಣದಾಗಿರಲಿಲ್ಲ. “ಇಷ್ಟೂ ಒಂದೇ ಮೀನಾ?” ಎಂದನು. ಇಪ್ಪತ್ತೇಳನ್ನು ಅಳೆಯುವುದು ಅವನಿಗೆ ಮರೆತುಹೋಯಿತು. ನಾವೂ ನೆನಪು ಮಾಡಲಿಲ್ಲ.

ಅಲ್ಲಿ ನಿಂತಿದ್ದಾಗ ಗೋಡೆಯ ಇಟ್ಟಿಗೆಯ ಕಡೆಗೆ ಗಮನ ಹೋಯಿತು. ಆ ಸೀಮೆಯ ಇಟ್ಟಿಗೆಗೆ ಫ್ಲೆಟನ್ ಎಂದು ಹೆಸರು. ಪೀಟರ್‌ಬರೋವಿಗೆ ಸೇರಿದ ಹಳ್ಳಿಯ ಹೆಸರೇ ಅದು. ನಮ್ಮ ಕಡೆ ಇಟ್ಟಿಗೆಯ ಗೂಡಿಗೆ ಎಷ್ಟು ಸೌದೆ ಬೇಕೆಂಬುದನ್ನು ಮನೆ ಕಟ್ಟಿಸಿದವರು ಬಲ್ಲರು. ಈ ಜೇಡಿಗೆ ಅಷ್ಟು ಉರುವಲು ಬೇಡ. ಹಳೆಯ ಕಡಲಿನ ಸೂಕ್ಷ್ಮಜೀವಿಗಳು ಸತ್ತು ತಳದಲ್ಲಿ ಕೂತು ಕೆಸರಿನೊಡನೆ ಬೆರೆತಿರುವುದರಿಂದ, ಒಮ್ಮೆ ಕಾವು ಹತ್ತಿದರೆ ಮಣ್ಣು ತನ್ನೊಳಗಿನ ಜಿಡ್ಡಿನಿಂದಲೇ ಬಹುಮಟ್ಟಿಗೆ ಬೇಯುತ್ತದೆ. ಇಟ್ಟಿಗೆ ಅಗ್ಗವಾಗಿ, ಇಂಗ್ಲೆಂಡಿನ ಎಷ್ಟೋ ಮನೆಗಳು ಇದರಿಂದಲೇ ಎದ್ದುವು. ಮೀನು ಸೋಸಿ ತಿಂದು ಬಿಟ್ಟದ್ದೇ ಗೂಡಿಗೆ ಉರುವಲಾಯಿತು. ಮೊಮ್ಮಗನಿಗೆ ಇದನ್ನು ಹೇಳಿದಾಗ ಅವನು ಗೋಡೆಗೆ ಮೂಗು ಹಚ್ಚಿ ಮೂಸಿ ನೋಡಿದನು.

ಲೀಡ್ಸಿಕ್ತಿಸ್ ಒಂಟಿಯಾಗಿ ಬಂದು ಒಂಟಿಯಾಗಿ ಹೋದ ವಿಚಿತ್ರವೆಂದೇ ಪಂಡಿತರು ಬಹುಕಾಲ ತಿಳಿದಿದ್ದರಂತೆ. ೨೦೧೦ರಲ್ಲಿ ಮ್ಯಾಟ್ ಫ್ರೀಡ್‌ಮನ್ ಎಂಬವರೂ ಅವರ ಜೊತೆಯವರೂ ಸಂಗ್ರಹಾಲಯಗಳ ಹಳೆಯ ಎಲುಬುಗಳನ್ನು ಮರಳಿ ಪರೀಕ್ಷಿಸಿದರು. ಅಮೆರಿಕದ ಕ್ಯಾನ್ಸಸ್ ಪ್ರಾಂತದ ಸುಣ್ಣಗಲ್ಲಿನಿಂದ ಬಂದು, ಕತ್ತಿಮೂತಿಯ ಪ್ರೋಟೋಸ್ಫೈರೀನದ ಲೆಕ್ಕಕ್ಕೆ ಸೇರಿಹೋಗಿದ್ದ ಎಲುಬುಗಳು ನಿಜವಾಗಿ ಹಲ್ಲಿಲ್ಲದ ಇನ್ನೊಂದು ದೊಡ್ಡ ಮೀನಿನವೆಂದು ತಿಳಿಯಿತು. ಅದಕ್ಕೆ, ಅಲ್ಲಿ ಎಲುಬು ಹುಡುಕುವುದನ್ನೇ ಮನೆತನದ ಕಸುಬಾಗಿ ಮಾಡಿಕೊಂಡಿದ್ದ ಬಾನರ್ ಕುಟುಂಬದ ನೆನಪಿಗಾಗಿ ಬಾನರಿಕ್ತಿಸ್ ಎಂದು ಹೆಸರಿಟ್ಟರು. ಹೀಗೆ ನೀರು ಸೋಸಿ ಬದುಕುವ ಈ ಸಾಧುಮತ್ಸ್ಯಗಳ ವಂಶ ಹತ್ತು ಕೋಟಿ ವರ್ಷಕ್ಕೆ ಕಡಮೆಯಿಲ್ಲದೆ ನಡೆದುಬಂದದ್ದು ಕಂಡುಬಂದಿತು. ಆರು ಕೋಟಿ ಅರುವತ್ತು ಲಕ್ಷ ವರ್ಷಗಳ ಹಿಂದೆ ಆಕಾಶದಿಂದ ಬಂಡೆ ಬಿದ್ದು ಬಿಸಿಲು ಮಂಕಾದಾಗ ಕಡಲಿನ ಸೂಕ್ಷ್ಮಜೀವಿಗಳಿಗೆ ಕ್ಷಾಮ ಬಂದಿತು. ಡೈನೋಸಾರುಗಳು ಅಳಿದ ಆ ಕಾಲದಲ್ಲಿಯೇ ಈ ಮನೆತನದ ದೀಪವೂ ಆರಿಹೋಯಿತು. ತಿಮಿಂಗಿಲಗಳು ಆ ಊಟದ ಎಲೆಗೆ ಬಂದು ಕುಳಿತದ್ದು ಬಹಳ ತಡವಾಗಿ.

ಊರಿಗೆ ಹೊರಡುವ ಹಿಂದಿನ ದಿನ ಮೊಮ್ಮಗನನ್ನು ಕರೆದುಕೊಂಡು ಇನ್ನೊಮ್ಮೆ ಆ ಸಂಗ್ರಹಾಲಯಕ್ಕೆ ಹೋದೆವು. ಈ ಸಲ ಅವನು ಬೆನ್ನುಮೂಳೆಯನ್ನು ಕೇಳಲಿಲ್ಲ. ಅದೇ ಆಗ ಬಂದಿದ್ದ ಬೇರೊಬ್ಬ ಹುಡುಗನಿಗೆ, ಅದು ಏಕೆ ಇಲ್ಲವೆಂಬುದನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದನು. ಮನೆಗೆ ಬರುವ ದಾರಿಯಲ್ಲಿ ಇದ್ದಕ್ಕಿದ್ದಂತೆ, “ತಾತ, ನಿಮ್ಮ ಅಪ್ಪ ಎಷ್ಟು ಎತ್ತರ ಇದ್ದರು?” ಎಂದು ಕೇಳಿದನು. ಈ ಹುಡುಗನಿಗೆ ನಾವು ಅವರ ಮಾತನ್ನು ಎಂದೂ ಎತ್ತಿರಲಿಲ್ಲ. ಅಳೆಯುವ ಹುಚ್ಚಿನಲ್ಲಿ ಅವನಿಗೆ ಎಲ್ಲರ ಎತ್ತರವೂ ಬೇಕಾಗಿತ್ತು, ಅಷ್ಟೆ.

ನಾವು ನಿಂತು, ಕೈಯನ್ನು ಎತ್ತಿ, ನಮ್ಮ ಕಿವಿಯ ಮಟ್ಟಕ್ಕೆ ಹಿಡಿದು ತೋರಿಸಿದೆವು.

ಅವನು ತಲೆಯೆತ್ತಿ ನೋಡಿದನು. ಅವನು ನಿಂತಿದ್ದ ಸ್ಥಳದಿಂದ ಅದು ಬಹಳ ಮೇಲಿತ್ತು.